ಇಪ್ಪತ್ತು ಆಳಿನ ರಾಟೆ

ನಮ್ಮೂರಿನವರ ಬಗ್ಗೆ ಯಾರಾದರೂ ನನ್ನನ್ನು ಕೇಳಿದರೆ ನಾನು ಮೊದಲು ಎದ್ದುಹೋಗಿ ಬಾಯೊಳಗಿನ ಎಲೆಯಡಿಕೆ ಉಗುಳಿ ಬರುತ್ತೇನೆ. ಬೈಯುವುದಕ್ಕೆ ಬಾಯಿ ಖಾಲಿ ಇರಬೇಕು. ಇಂಥ ಜನರನ್ನು ಅರ್ಧ ಬಾಯಲ್ಲಿ ಬೈಯಲಿಕ್ಕೆ ಆಗುವುದಿಲ್ಲ.

ಊರು ಇರುವುದು ಬಂಡೆಯ ಮೇಲೆ. ಹೊಳೆ ಇರುವುದು ಕೆಳಗೆ, ಒಂಬೈನೂರು ಮೆಟ್ಟಿಲು ಇಳಿದರೆ ಸಿಗುತ್ತದೆ. ಮೇಲೆ ಒಂದೇ ಒಂದು ಬಾವಿ. ನಲವತ್ತು ಮಾರು ಆಳ. ಬಾವಿಯ ಪಕ್ಕದಲ್ಲಿ ರಾಟೆಮನೆ, ಅದರ ನಡುವೆ ಒಂದು ದೊಡ್ಡ ಕಂಬ, ಕಂಬಕ್ಕೆ ಹತ್ತು ತೋಳು. ಒಂದೊಂದು ತೋಳಿಗೆ ಇಬ್ಬರಂತೆ ಇಪ್ಪತ್ತು ಜನ ಎದೆಗೊಟ್ಟು ತಳ್ಳುತ್ತ ಸುತ್ತಿದರೆ ಕಂಬ ತಿರುಗುತ್ತದೆ, ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತದೆ, ತೊಟ್ಟಿ ತುಂಬುತ್ತದೆ, ನಾಲ್ಕೂ ಓಣಿಯ ನಲ್ಲಿಗಳಲ್ಲಿ ನೀರು ಬರುತ್ತದೆ. ಹತ್ತೊಂಬತ್ತು ಜನ ತಳ್ಳಿದರೆ ಅಲುಗುವುದಿಲ್ಲ. ಎತ್ತು ಕಟ್ಟಿ ನೋಡಿದ್ದಾರೆ, ಕೋಣ ಕಟ್ಟಿ ನೋಡಿದ್ದಾರೆ. ಅದಕ್ಕೆ ಇಪ್ಪತ್ತು ಆಳೇ ಬೇಕು.

ಆ ರಾಟೆಮನೆಯ ಉಸ್ತುವಾರಿ ನನ್ನದು. ನನ್ನ ಹೆಸರು ನಿಂಬೆವ್ವ. ಕಂಬದ ಬುಡಕ್ಕೆ ಎಣ್ಣೆ ಬಿಡುವುದು, ಬೆಳಿಗ್ಗೆ ಬಿಸಿಲು ಬಿದ್ದೊಡನೆ ಜಾಗಟೆ ಹೊಡೆಯುವುದು, ಬಂದವರ ಸೊಂಟಕ್ಕೆ ಗೋಣಿತಟ್ಟು ಕಟ್ಟುವುದು. ಗೋಣಿತಟ್ಟು ನಮ್ಮೂರ ಪದ್ಧತಿ. ಚಪ್ಪಲಿ, ರುಮಾಲು, ಶಲ್ಯ ಎಲ್ಲ ಹೊರಗೆ ಬಿಟ್ಟು, ದೇಸಾಯಿ ಇರಲಿ ಕತ್ತೆ ಕಾಯುವವ ಇರಲಿ, ಅದೇ ಗೋಣಿತಟ್ಟು ಕಟ್ಟಿಕೊಂಡು ತಳ್ಳಬೇಕು. ಇಂಥವರು ಇಂಥ ದಿನ ಬರಬೇಕೆಂಬ ಪಟ್ಟಿ ಇರಲಿಲ್ಲ. ಜಾಗಟೆ ಕೇಳಿದರೆ ಜನ ಬರುತ್ತಿದ್ದರು, ಇಪ್ಪತ್ತರ ಮೇಲೆ ಐದಾರು ಜನ ಹೆಚ್ಚೇ ಆಗುತ್ತಿದ್ದರು, ಹೆಚ್ಚಾದವರು ಕಟ್ಟೆಯ ಮೇಲೆ ಕೂತು ಹರಟೆ ಹೊಡೆದು ಹೋಗುತ್ತಿದ್ದರು. ನನಗೆ ಬುದ್ಧಿ ಬಂದಾಗಿನಿಂದ ಒಂದು ದಿನವೂ ರಾಟೆ ನಿಂತಿದ್ದಿಲ್ಲ.

ನೀರು ಎಲ್ಲರಿಗೂ ಬೇಕು, ನನಗೆ ಒಂದು ಗುಲಗಂಜಿ ಹೆಚ್ಚು ಬೇಕು. ನನ್ನ ಅಕ್ಕ ಬಾಳವ್ವ ಆರು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಸೊಂಟದ ಕೆಳಗೆ ಜೀವವಿಲ್ಲ. ದಿನಕ್ಕೆ ಎರಡು ಕೊಡ ನೀರಿನಲ್ಲಿ ಮೈ ತೊಳೆದು, ಹಾಸಿಗೆ ಒಗೆದು ಒಣಗಿಸಿದರೆ ಆಕೆಯ ಬೆನ್ನು ನೆಟ್ಟಗಿರುತ್ತಿತ್ತು. ಎರಡು ದಿನ ತಪ್ಪಿದರೆ ಬೆನ್ನು ಹುಣ್ಣಾಗುತ್ತದೆ ಎಂದು ವೈದ್ಯರು ಮೊದಲೇ ಹೇಳಿಬಿಟ್ಟಿದ್ದರು. ನನ್ನ ಮೊಣಕಾಲುಗಳು ಒಂಬೈನೂರಲ್ಲ, ಒಂಬತ್ತು ಮೆಟ್ಟಿಲಿಗೇ ಅಳುತ್ತವೆ. ಹಾಗಾಗಿ ರಾಟೆ ತಿರುಗಿದರೆ ನನ್ನಕ್ಕ ಉಳಿಯುತ್ತಾಳೆ, ಇಷ್ಟೇ ಲೆಕ್ಕ.

ಯುಗಾದಿಯಾದ ಮೂರನೇ ದಿನ ಕಾಗೆಗಳು ಬಂದವು.

ಬಂದು ಮನೆಗಳ ಮೇಲೆ ಕೂತವು. ಒಂದು ಮನೆಯ ಮೇಲೆ ಎರಡು, ಒಂದರ ಮೇಲೆ ಹತ್ತು, ಹಲವು ಮನೆಗಳ ಮೇಲೆ ಒಂದೂ ಇಲ್ಲ. ಓಡಿಸಿದರೆ ಹಾರಿ ಒಂದು ಸುತ್ತು ಹಾಕಿ ಮತ್ತೆ ಅದೇ ಮನೆಯ ಮೇಲೆ, ಅಷ್ಟೇ ಸಂಖ್ಯೆಯಲ್ಲಿ. ಇದೇನೆಂದು ಜನ ತಲೆ ಕೆರೆದುಕೊಳ್ಳುತ್ತಿರುವಾಗ ದೇಸಾಯರು ಗುಟ್ಟಾಗಿ ಹೆಂಡತಿಯ ಬಂಗಾರದ ಪಾಟ್ಲಿ ಬಳೆಯನ್ನು ಅಕ್ಕಸಾಲಿಗನ ಹಳೇ ಸಾಲಕ್ಕೆ ಕೊಟ್ಟರು. ಅವರು ಪೇಟೆಯಿಂದ ಮನೆಗೆ ಬರುವುದರೊಳಗೆ ಅವರ ಮನೆಯ ನಾಲ್ಕು ಕಾಗೆಗಳಲ್ಲಿ ಒಂದು ಎದ್ದು, ಅಕ್ಕಸಾಲಿಗನ ಮನೆಯ ಮೇಲೆ ಕೂತಿತ್ತು. ಅಲ್ಲಿಗೆ ಎಲ್ಲರಿಗೂ ತಿಳಿಯಿತು. ಯಾರ ಬಳಿ ಎಷ್ಟಿದೆಯೋ ಅವರ ಮನೆಯ ಮೇಲೆ ಅಷ್ಟು ಕಾಗೆ.

ಅಯ್ಯೋ, ಆಮೇಲಿನ ತಮಾಷೆ ನೋಡಬೇಕಿತ್ತು! ಎರಡಂತಸ್ತಿನ ವಾಡೆ, ಬಾಗಿಲಿಗೆ ಹಿತ್ತಾಳೆಯ ಗುಬ್ಬಿಮೊಳೆ, ಹಬ್ಬಕ್ಕೊಮ್ಮೆ ಊರಿಗೆಲ್ಲ ಬುಂದಿ ಹಂಚುತ್ತಿದ್ದ ದೇಸಾಯರಿಗೆ ಮೂರು ಕಾಗೆ. ನಾಲ್ವರನ್ನು ಕಂಡರೆ ಸಾಕು, "ಈ ವರ್ಷ ಹೊಟ್ಟಿಗೆ ಬಟ್ಟಿಗೆ ಆಗ್ತದೋ ಇಲ್ಲೋ" ಎಂದು ಗೋಳಾಡುತ್ತಿದ್ದ ಗಾಣದ ಮಲಕಾಜಪ್ಪನಿಗೆ ಇಪ್ಪತ್ತೆಂಟು. ದೇಸಾಯರ ಹೆಂಡತಿ ಮಾಳಿಗೆಯ ಮೇಲೆ ತುಪ್ಪ ಕಲಸಿದ ಅನ್ನ ಇಟ್ಟು ಕಾ ಕಾ ಎಂದು ಕರೆದಳು. ಮಲಕಾಜಪ್ಪನ ಕಾಗೆಗಳು ತಿರುಗಿಯೂ ನೋಡಲಿಲ್ಲ. ಕುಂಬಾರರು ಮಣ್ಣಿನ ಕಾಗೆ ಮಾಡಿ ಮಸಿ ಬಳಿದು ಮಾರಿದರು. ದೇಸಾಯರು ಒಂದು ಡಜನ್ ಕೊಂಡು ಸಾಲಾಗಿ ನಿಲ್ಲಿಸಿದರು, ಅವುಗಳ ತಲೆಯ ಮೇಲೆ ನಿಜವಾದ ಮೂರು ಕಾಗೆ ಕೂತು ಹಿಕ್ಕೆ ಹಾಕಿದವು. ನಕ್ಕು ನಕ್ಕು ನನ್ನ ಪಕ್ಕೆಲುಬಿಗೆ ನೋವು ಬಂತು.

ನನ್ನ ಮನೆಯ ಮೇಲೆ ಒಂದೂ ಇರಲಿಲ್ಲ. ಇರುತ್ತವೆಂದು ನಾನು ಕಾದಿರಲೂ ಇಲ್ಲ. ನಗು ನಿಂತದ್ದು ಬೇರೆ ಕಡೆ ನೋಡಿದಾಗ. ಹಿಂದಿನ ಓಣಿಯ ತಗಡಿನ ಮನೆ, ಗುರುಬಸವ್ವನದು. ಅದರ ಮೇಲೆ ಕಾಲಿಡಲು ಜಾಗವಿಲ್ಲದಂತೆ ಕೂತಿದ್ದವು. ಎಣಿಸಿದೆ. ತಪ್ಪಾಗಿರಬೇಕೆಂದು ಮತ್ತೆ ಎಣಿಸಿದೆ. ನಲವತ್ತೊಂದು.

ಗುರುಬಸವ್ವ ಯಾರು ಎಂದರೆ ಮೂವತ್ತು ವರ್ಷದಿಂದ ರಾಟೆಯ ಒಂದೇ ತೋಳಿಗೆ ನನ್ನ ಜೊತೆ ಎದೆಗೊಟ್ಟವಳು. ದಾರಿಹೋಕರಿಗೆ ಜೋಳದ ರೊಟ್ಟಿ ಬಡಿದು ಮಾರುವ ಮುದುಕಿ. ಸೀರೆ ಹರಿದಿದೆ ಎಂದಾಗ ನನಗಿದ್ದ ಎರಡು ಸೀರೆಯಲ್ಲಿ ಒಂದನ್ನು ಕೊಟ್ಟಿದ್ದೆ. ಅದು ನನ್ನ ಮದುವೆಯ ಸೀರೆ. ಅದನ್ನು ಉಟ್ಟುಕೊಂಡು ನಲವತ್ತೊಂದು ಕಾಗೆಯ ಕೆಳಗೆ ಕೂತು ಹಿಟ್ಟು ನಾದುತ್ತಿದ್ದಳು. ನೇರ ಹೋಗಿ ನಿಂತೆ.

"ಏನವ್ವಾ ಸಾಹುಕಾರತಿ, ಸೀರಿ ಹೆಂಗೈತಿ? ಹಿಡಸ್ತೈತಿಲ್ಲೋ?"

ಆಕೆ ತಲೆ ಎತ್ತಲಿಲ್ಲ. "ಒಂದೊಂದ ರೊಟ್ಟಿ ಬಡದು ಗಳಿಸೀನಿ ನಿಂಬೆವ್ವ. ಕದ್ದಿಲ್ಲ."

"ಕದ್ದಿ ಅಂತ ಯಾರಂದ್ರು? ಹೇಳಲಿಲ್ಲಲ್ಲ ನೀ!"

"ಏನಂತ ಹೇಳ್ಲಿ? ಗಂಡಿಲ್ಲ, ಮಕ್ಕಳಿಲ್ಲ. ನಾಳಿ ನಾ ಬಿದ್ರ ನನ್ನ ಬೆನ್ನ ತೊಳ್ಯಾಕ ನನಗ ತಂಗಿ ಇಲ್ಲ. ಅದಕ್ಕ ಇಟಗೊಂಡೀನಿ."

ಒಪ್ಪುವ ಮಾತೇ. ಆದರೆ ಅವತ್ತು ನನಗೆ ಒಪ್ಪುವ ಮನಸ್ಸಿರಲಿಲ್ಲ. ಸೀರೆ ವಾಪಸು ಕೇಳುವಷ್ಟು ಸಣ್ಣವಳು ನಾನಲ್ಲ ಎಂದು ಹೇಳಿ, ವಾಪಸು ಕೇಳಿದವಳಿಗಿಂತ ಜೋರಾಗಿ ಬಾಗಿಲು ಬಡಿದು ಬಂದೆ.

ಇನ್ನು ರಾಟೆಮನೆಯ ಕಥೆ. ಗೋಣಿತಟ್ಟು ಕಟ್ಟಿಕೊಂಡರೆ ಏನಾಯಿತು, ತಲೆಯೊಳಗಿನ ಕಾಗೆಗಳನ್ನು ಹೊರಗೆ ಬಿಟ್ಟು ಬರಲಿಕ್ಕೆ ಆಗುತ್ತದೆಯೇ? ತಳ್ಳುವ ಮೊದಲು ಜನ ಎದುರಿನ ತೋಳಿನಲ್ಲಿ ಯಾರಿದ್ದಾರೆ ಎಂದು ನೋಡತೊಡಗಿದರು. ದೇಸಾಯರು, "ಮೂರ ಕಾಗಿ ಇದ್ದವ ನಾ ಯಾಕ ಬೆವರ ಸುರಸ್ಲಿ? ಇಪ್ಪತ್ತೆಂಟ ಇದ್ದವ ತಳ್ಳಲಿ" ಅಂದರು. ಅದಕ್ಕೆ ಮಲಕಾಜಪ್ಪ, "ನನಗ ಅಷ್ಟ ಅದಾವಂದ ಮ್ಯಾಲ ನಾ ತಳ್ಳೂದು ಚಂದ ಕಾಣ್ತದೇನ್ರಿ? ಒಂದ ಆಳು ಕಳಸ್ತೀನಿ" ಅಂದ. ಆಳನ್ನು ಕಳಿಸಿದ. ಆಳು, "ನಾ ನನ್ನ ಪಾಲಿಂದ ತಳ್ಳೀನಿ, ಇವ್ರ ಪಾಲಿಂದೂ ತಳ್ಳಬೇಕಂದ್ರ ಅವ್ರ ಕಾಗಿ ಒಂದ ನನ್ನ ಮನಿಗಿ ಬರಬೇಕು" ಎಂದು ಹೊರಟುಹೋದ. ಒಂದೂ ಕಾಗೆಯಿಲ್ಲದವರಂತೂ ಇನ್ನೂ ಮೇಲು. ಮಲಕಾಜಪ್ಪನ ಹಿತ್ತಲಿನ ಮಲ್ಲಿಗೆಗೆ ನಾವೇಕೆ ನೀರು ಎತ್ತಬೇಕು ಎಂದರು. ಆ ಮಲ್ಲಿಗೆ ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು. ಅದರ ಹೂವನ್ನು ಇವರ ಹೆಂಡಂದಿರೇ ಪುಕ್ಕಟೆ ಮುಡಿದಿದ್ದರು.

ಚಾವಡಿಯಲ್ಲಿ ಸಭೆ ಸೇರಿತು. ಕಾಗೆಯ ಲೆಕ್ಕಕ್ಕೆ ತಕ್ಕಂತೆ ತಳ್ಳುವ ಪಾಳಿ ಮಾಡೋಣ ಎಂದು ತೀರ್ಮಾನವಾಯಿತು, ಎಣಿಸಿ ಬರೆಯಲು ಚನಬಸಪ್ಪ ಮಾಸ್ತರನನ್ನು ನೇಮಿಸಿದರು. ಮಾಸ್ತರ ಮೂರು ದಿನ ಊರೆಲ್ಲ ಸುತ್ತಿ ಬರೆದ. ನಾಲ್ಕನೆಯ ದಿನ ಅವನು ಪಟ್ಟಿ ಓದುತ್ತಿದ್ದ ಹಾಗೆಯೇ, ಎಲ್ಲರ ಕಣ್ಣೆದುರಿಗೆ, ಮಲಕಾಜಪ್ಪನ ಮನೆಯಿಂದ ಒಂದು ಕಾಗೆ ಎದ್ದು ತಣ್ಣಗೆ ಹಾರಿಬಂದು ಮಾಸ್ತರನ ಮನೆಯ ಮೇಲೆ ಕೂತಿತು. ಪಟ್ಟಿಯಲ್ಲಿ ಮಲಕಾಜಪ್ಪನಿಗೆ ಹದಿನೆಂಟು ಎಂದಿತ್ತು. ಸಭೆ ಅಲ್ಲಿಗೆ ಮುಗಿಯಿತು. ಇಂಥ ಊರಿಗೆ ಮಾಸ್ತರ ಬೇರೆ ಕೇಡು!

ಆದರೂ ಹೇಗೋ ಗೋಗರೆದು, ಬೈದು, ಕೈಹಿಡಿದು ಎಳೆದುಕೊಂಡು ಬಂದು ಇಪ್ಪತ್ತು ಜನರನ್ನು ನಾನು ಕೂಡಿಸುತ್ತಿದ್ದೆ. ಹನ್ನೆರಡು ದಿನ ಹಾಗೇ ನಡೆಯಿತು. ಹದಿಮೂರನೆಯ ದಿನ ನನ್ನನ್ನೂ ಸೇರಿಸಿ ಇಪ್ಪತ್ತು ಜನ ಆದೆವು, ಗೋಣಿತಟ್ಟು ಕಟ್ಟಿದೆ, ತೋಳಿಗೆ ಇಬ್ಬರಂತೆ ನಿಂತೆವು. ಗುರುಬಸವ್ವ ಎಂದಿನಂತೆ ನನ್ನ ಪಕ್ಕ. ಹುಂ ಎಂದೆ. ರಾಟೆ ಅಲುಗಲಿಲ್ಲ. ಮತ್ತೊಮ್ಮೆ ಹುಂ ಎಂದೆ. ಇಪ್ಪತ್ತು ಮುಖ ಕೆಂಪಾದವು, ಇಪ್ಪತ್ತು ಬಾಯಿ ಮುಲುಗಿದವು, ಕಂಬ ಮಾತ್ರ ಕಲ್ಲಿನ ಹಾಗೆ ನಿಂತಿತ್ತು. ಯಾರೋ ಬರೀ ತೋಳು ಹಿಡಿದು ನಿಂತಿದ್ದರು, ತಳ್ಳುತ್ತಿರಲಿಲ್ಲ. ಯಾರು ಎಂದು ಹೇಗೆ ಹೇಳುವುದು? ಹಿಡಿದವರ ಕೈ ಕಾಣುತ್ತದೆ, ತಳ್ಳುವ ಬಲ ಯಾರ ಕಣ್ಣಿಗೆ ಕಾಣುತ್ತದೆ? ಒಬ್ಬರ ಮುಖ ಒಬ್ಬರು ನೋಡಿದರು. "ಕಾಗಿ ಇಲ್ಲದ ಮಂದಿಗೆ ಜೀವದಾಗ ಕಸುವಿಲ್ಲ" ಎಂದು ಒಬ್ಬ, "ಕಾಗಿ ಇದ್ದ ಮಂದಿಗೆ ಮೈಗಳ್ಳತನ" ಎಂದು ಇನ್ನೊಬ್ಬ. ದೇಸಾಯರು ಗೋಣಿತಟ್ಟು ಬಿಚ್ಚಿ ನನ್ನ ಕಾಲ ಬಳಿ ಒಗೆದು ಹೋದರು. ಮರುದಿನ ಹದಿನಾಲ್ಕು ಜನ ಬಂದರು, ಅದರ ಮರುದಿನ ಏಳು. ಆಮೇಲೆ ಇಬ್ಬರು, ಕತ್ತೆ ಕಾಯುವ ದುರಗಪ್ಪ ಮತ್ತು ನಾನು.

ತೊಟ್ಟಿ ಐದೇ ದಿನದಲ್ಲಿ ಒಣಗಿತು. ಆಗ ನಮ್ಮೂರ ಬುದ್ಧಿವಂತರು ಏನು ಮಾಡಿದರು ಗೊತ್ತೇ? ಬೆಳಿಗ್ಗೆ ಒಂದು ಗಳಿಗೆ ತಳ್ಳಲಾರೆವು ಎಂದವರು ಅರ್ಧ ದಿನ ಒಂಬೈನೂರು ಮೆಟ್ಟಿಲು ಇಳಿದು ಹತ್ತಿದರು! ಹತ್ತಲಾರದವರು ದುರಗಪ್ಪನ ಕತ್ತೆಗಳಿಗೆ ಕಾದರು. ದುರಗಪ್ಪನಿಗೆ ನಾಲ್ಕು ಕತ್ತೆ, ಒಂದೂ ಕಾಗೆಯಿಲ್ಲ. ಹೊಳೆಯಿಂದ ಕೊಡ ಹೊರಿಸಿ ತಂದು ಮಾರತೊಡಗಿದ. ಕೊಡಕ್ಕೊಂದು ಬೆಲೆ, ಬೇಸಿಗೆ ಏರಿದಂತೆ ಬೆಲೆಯೂ ಏರಿತು. ದಿನಕ್ಕೊಂದೆರಡು ಕಾಗೆ ಎದ್ದು ಅವನ ಗುಡಿಸಲಿನ ಮೇಲೆ ಕೂರತೊಡಗಿದವು.

ಅವನು ಕೆಟ್ಟವನಲ್ಲ. ಕಾಗೆಯಿಲ್ಲದಾಗ, "ಯವ್ವಾ, ಬಾಳವ್ವಕ್ಕಗ ಎರಡ ಕೊಡ, ನಿಮ್ಮ ಕಡಿ ರೊಕ್ಕ ಬ್ಯಾಡ" ಎಂದು ತಾನಾಗಿಯೇ ತಂದಿಡುತ್ತಿದ್ದ. ಹದಿನೈದು ಕಾಗೆಯಾದಾಗ ಒಂದು ಕೊಡ ತಂದ. ಐವತ್ತಾದಾಗ ಅರ್ಧ ಕೊಡ ತಂದು, "ಕತ್ತಿಗೋಳಿಗೂ ಹೊಟ್ಟಿ ಐತೆವ್ವಾ" ಎಂದ. ನೂರಾದಾಗ ಅವನೇ ಬರುವುದನ್ನು ಬಿಟ್ಟ. ಆಳು ಬಂದ. ಆಳಿಗೆ ಬಾಳವ್ವ ಯಾರೆಂದು ಗೊತ್ತಿರಲಿಲ್ಲ.

ಅಕ್ಕನ ಬೆನ್ನು ಮೊದಲು ಕೆಂಪಾಯಿತು, ಆಮೇಲೆ ಒಡೆಯಿತು. ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ, ಆ ಒದ್ದೆಗೂ ಕುಡಿಯುವ ನೀರಿನಲ್ಲೇ ಪಾಲು. ವಾಸನೆ ಆಕೆಗೇ ಬರುತ್ತಿತ್ತು, ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಒಂದು ಮಧ್ಯಾಹ್ನ ಹೇಳಿದಳು:

"ನಿಂಬಿ, ಗುರುಬಸವ್ವನ್ನ ಕೇಳು. ಆಕಿ ದುರಗಪ್ಪನ ಕಡಿಂದ ದಿನಾ ಕೊಳ್ತಾಳ. ಒಂದ ಕೊಡ ಕೊಟ್ಟಾಳು."

"ಆಕಿನ್ನ? ಜೀವ ಹೋದ್ರೂ ಕೇಳೂದಿಲ್ಲ."

"ಹೋಗೂದು ಯಾರ ಜೀವ?" ಎಂದಳು ಅಕ್ಕ.

ಆಕೆಯ ನಾಲಿಗೆ ಯಾವತ್ತೂ ಹಾಗೆಯೇ, ನನಗಿಂತ ಹರಿತ. ಆದರೂ ನಾನು ಕೇಳಲಿಲ್ಲ. ಎರಡು ಸಲ ಗುರುಬಸವ್ವನ ಓಣಿಯ ತನಕ ಹೋದೆ. ಆ ತಗಡಿನ ಮೇಲೆ ಇನ್ನೂ ಮೂವತ್ತು ಕಾಗೆ ಇದ್ದವು. ನೋಡಿದೊಡನೆ ಕಾಲು ಹಿಂದೆ ಬಂತು. ಹಿಂದೆ ಬಂದವಳು ನಾನು, ತಪ್ಪನ್ನು ಕಾಲಿನ ಮೇಲೆ ಹಾಕುವುದು ಬೇಡ.

ಹನ್ನೊಂದು ದಿನ ಜ್ವರ ಸುಟ್ಟಿತು. ಹನ್ನೆರಡನೆಯ ದಿನ ನಡುಮಧ್ಯಾಹ್ನ ಬಾಳವ್ವ ಹೋದಳು.

ಸತ್ತ ಸುದ್ದಿ ಕೇಳಿದರೆ ನಮ್ಮೂರಿನವರು ತಪ್ಪದೆ ಬರುತ್ತಾರೆ, ಅದರಲ್ಲಿ ಅವರಿಗೆ ಸಾಟಿಯಿಲ್ಲ. ಅಂಗಳದಲ್ಲಿ ಇಪ್ಪತ್ತಮೂರು ಜನ ನಿಂತಿದ್ದರು. ದೇಸಾಯರು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಮಾಸ್ತರ, "ಭಾಳ ಒಳ್ಳೇಕಿ" ಅಂದ. ಆರು ವರ್ಷದಲ್ಲಿ ಒಮ್ಮೆಯೂ ಆಕೆಯನ್ನು ನೋಡಲು ಬಾರದವ! ಹೆಣಕ್ಕೆ ಕೊನೆಯ ನೀರು ಹಾಕಬೇಕಲ್ಲ, ಹಂಡೆ ಎಲ್ಲಿ ಎಂದು ಯಾರೋ ಕೇಳಿದರು. ಹಂಡೆ ತೋರಿಸಿದೆ. ತಳದಲ್ಲಿ ಒಂದು ಸತ್ತ ಜಿರಳೆ ಇತ್ತು. ದುರಗಪ್ಪನ ಕತ್ತೆಗಳು ಹೊಳೆಗೆ ಇಳಿದಿದ್ದವು, ಬರುವುದು ಇಳಿಹೊತ್ತಿಗೆ.

ನನಗೆ ತಡೆಯಲಿಲ್ಲ. "ಇಪ್ಪತ್ತಮೂರ ಮಂದಿ ನಿಂತೀರಿ" ಎಂದೆ. "ಎಣಿಸಾಕ ಬರ್ತೈತಿಲ್ಲೋ? ದಿನಾ ಕಾಗಿ ಎಣಸ್ತೀರಲ್ಲ, ಈಗ ಮನಷ್ಯಾರ್ನ ಎಣಸ್ರಿ!"

ಮಲಕಾಜಪ್ಪ ಮೊದಲು ಶಲ್ಯ ತೆಗೆದಿಟ್ಟ. ಆಮೇಲೆ ಒಬ್ಬೊಬ್ಬರಾಗಿ ರಾಟೆಮನೆಯ ಕಡೆ ನಡೆದರು. ನಾನು ಗೋಣಿತಟ್ಟು ಕಟ್ಟಿದೆ. ಗುರುಬಸವ್ವ ಬಂದು ನಮ್ಮ ತೋಳಿಗೆ ನಿಂತಳು. ಹುಂ ಎಂದೆ. ರಾಟೆ ಗರಗರ ತಿರುಗಿತು. ಎಷ್ಟು ಹಗುರವಾಗಿತ್ತೆಂದರೆ ನನ್ನಂಥ ಮುದುಕಿಗೆ ಬರೀ ನಡೆದಂತಾಯಿತು. ನಲವತ್ತು ಸುತ್ತು. ತೊಟ್ಟಿ ತುಂಬಿ ಚೆಲ್ಲಿತು. ಬದುಕಿದ್ದಾಗ ಅರ್ಧ ಕೊಡ ಸಿಗದವಳಿಗೆ ಸತ್ತ ಮೇಲೆ ಹಂಡೆ ಹಂಡೆ ನೀರು ಸುರಿದರು. ಬೆನ್ನಿನ ಹುಣ್ಣುಗಳನ್ನು ನಾನೇ ತೊಳೆದೆ, ನಿಧಾನವಾಗಿ, ನೋಯುತ್ತದೆ ಎಂಬಂತೆ.

ಮರುದಿನ ಬೆಳಿಗ್ಗೆ ಜಾಗಟೆ ಹೊಡೆದೆ. ಒಂದು ನರಪಿಳ್ಳೆಯೂ ಬರಲಿಲ್ಲ. ಕೇಳಿದ್ದಕ್ಕೆ, ಸೂತಕದವಳು ಹೊಡೆದ ಜಾಗಟೆಗೆ ಬರಬಾರದಂತೆ. ಥೂ.

ಮೂರನೆಯ ದಿನ ಸತ್ತವರ ಮಾಳಿಗೆಯ ಮೇಲೆ ಎಡೆ ಇಡುವುದು ನಮ್ಮಲ್ಲಿ ರೂಢಿ. ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಹೋದವರ ಮನಸ್ಸು ಇಲ್ಲೇ ಸಿಕ್ಕಿಕೊಂಡಿದೆ ಎಂದು ಅರ್ಥ. ಬಾಳವ್ವನಿಗೆ ಇಷ್ಟವಾದ ಸಜ್ಜಕ, ಬದನೆಕಾಯಿ ಪಲ್ಯ, ಒಂದು ರೊಟ್ಟಿ ಇಟ್ಟು ಕೈಮುಗಿದು ನಿಂತೆ. ಊರಲ್ಲಿ ನೂರಾರು ಕಾಗೆ. ದುರಗಪ್ಪನ ಗುಡಿಸಲು ಅವುಗಳ ಭಾರಕ್ಕೆ ಒಂದು ಕಡೆ ವಾಲಿತ್ತು. ಒಂದಾದರೂ ನನ್ನ ಮಾಳಿಗೆಯ ಕಡೆ ಕತ್ತು ತಿರುಗಿಸಬೇಕಲ್ಲ! ಏನೂ ಇಲ್ಲದವಳ ಮನೆಯ ಮೇಲೆ ಅವು ಕೂರುವುದಿಲ್ಲ. ಬಿಸಿಲೇರಿತು, ಸಜ್ಜಕದ ಮೇಲೆ ಇರುವೆ ಹತ್ತಿದವು. ಬಂದಿದ್ದ ನಾಲ್ಕು ಜನ ಲೊಚಗುಟ್ಟಿ ಇಳಿದುಹೋದರು. ನಾನು ಅಳುವವಳಲ್ಲ, ಅವತ್ತು ಅತ್ತೆ. ಸತ್ತ ಮೇಲೂ ನಮ್ಮಕ್ಕ ಏನಿದೆ ಏನಿಲ್ಲ ಎಂದು ತೋರಿಸಬೇಕೇ?

ಏಣಿಯ ಸದ್ದಾಯಿತು. ಗುರುಬಸವ್ವ ಏದುಸಿರು ಬಿಡುತ್ತ ಹತ್ತಿ ಬಂದಳು, ಅದೇ ಸೀರೆ ಉಟ್ಟಿದ್ದಳು. ಎಡೆ ನೋಡಿದಳು, ಆಕಾಶ ನೋಡಿದಳು, ನನ್ನನ್ನು ನೋಡಿದಳು. ಸೆರಗಿನ ಗಂಟು ಬಿಚ್ಚಿ ಒಂದು ಬಂಗಾರದ ಗುಂಡಿನ ಸರ ತೆಗೆದು ನನ್ನ ಕೈಗೆ ಹಾಕಿ ಬೆರಳು ಮಡಚಿದಳು.

"ಇದ ನಿಂದು. ಎರವಲಲ್ಲ, ಕೊಟ್ಟೀನಿ. ಮನಸಿನಾಗೂ ನಿಂದ ಅನ್ನು, ಇಲ್ಲಂದ್ರ ಬರೂದಿಲ್ಲ ಅವು."

"ನನಗ ಬ್ಯಾಡ ನಿಂದು."

"ನಿನಗ ಯಾರ ಕೊಡ್ತಾರ? ಬಾಳವ್ವಗ."

ಅವಳ ತಗಡಿನ ಮೇಲಿಂದ ಒಂದು ಕಾಗೆ ಎದ್ದಿತು. ಸುತ್ತು ಹಾಕಲಿಲ್ಲ, ನೇರ ಬಂದು ನನ್ನ ಮಾಳಿಗೆಯ ಅಂಚಿಗೆ ಕೂತಿತು, ಕುಪ್ಪಳಿಸಿ ಬಂದು ಸಜ್ಜಕಕ್ಕೆ ಕೊಕ್ಕು ಹಾಕಿತು. ಅದು ತಿನ್ನುತ್ತಿರುವುದನ್ನು ಇಬ್ಬರೂ ನಿಂತು ನೋಡಿದೆವು. ಆಗ ನನ್ನ ಬಾಯಿಗೆ ಬಂತು, ಇಷ್ಟು ದಿನ ಗಂಟಲಲ್ಲೇ ಇದ್ದದ್ದು.

"ಗುರುಬಸವ್ವ, ಅವತ್ತ ರಾಟಿ ತಿರಗಲಿಲ್ಲಲ್ಲ. ನಾ ತಳ್ಳಲಿಲ್ಲ. ನಿನ್ನ ನಲವತ್ತೊಂದ ಕಾಗಿ ಕಣ್ಣಾಗ ಕುಂತಿದ್ದವು. ಬರೇ ಹಿಡಕೊಂಡ ನಿಂತಿದ್ದೆ."

"ಗೊತ್ತೈತಿ" ಎಂದಳು. "ಒಂದ ತೋಳಿಗಿ ನಿಂತಾಕಿಗೆ ಗೊತ್ತಾಗೂದಿಲ್ಲೇನು?" ಬಿಚ್ಚಿದ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನೂ ತಳ್ಳಲಿಲ್ಲ. ಕಳ್ಳಿನ್ನ ನೋಡಿದಂಗ ನನ್ನ ನೋಡಾಕಿಗೆ ನಾ ಯಾಕ ನೀರ ಎತ್ತಲಿ ಅಂದ್ಕೊಂಡೆ."

ಹಾಗಾದರೆ ಉಳಿದ ಹದಿನೆಂಟು ಜನ? ಯಾರಿಗೆ ಗೊತ್ತು. ನನಗನ್ನಿಸುತ್ತದೆ, ಅವತ್ತು ಇಪ್ಪತ್ತೂ ಜನ ಮುಖ ಕೆಂಪು ಮಾಡಿಕೊಂಡು ಬರೀ ಹಿಡಿದು ನಿಂತಿದ್ದೆವು. ಎಲ್ಲರನ್ನೂ ಇಷ್ಟು ಬೈದೆನಲ್ಲ, ಅದರಲ್ಲಿ ನನ್ನ ಪಾಲನ್ನು ನಾನು ಕೂಡಿಸಿಕೊಂಡೇ ಬೈದಿದ್ದೇನೆ.

ಕಾಗೆ ಹೋಗಲಿಲ್ಲ. ಮಾಳಿಗೆಯ ಅಂಚಿನಲ್ಲೇ ಉಳಿಯಿತು, ಊರಿಗೆಲ್ಲ ಕಾಣುವ ಹಾಗೆ. ಸೂತಕ ಕಳೆದ ಮರುದಿನ ಬೆಳಿಗ್ಗೆ ಜಾಗಟೆ ಹಿಡಿದು ಹೊರಬಿದ್ದೆ. ದೇಸಾಯರು ಎದುರಾದರು. ಅವರ ವಾಡೆಯ ಮೇಲೆ ಈಗ ಮಣ್ಣಿನವು ಮಾತ್ರ ಉಳಿದಿದ್ದವು. ನನ್ನ ಮನೆಯ ಕಡೆ ನೋಡಿ ನಿಂತರು.

"ಓಹೋ ನಿಂಬೆವ್ವ! ನಿನಗೂ ಬಂತಲ್ಲ! ಇನ್ನ ನಮ್ಮನ್ನ ಯಾಕ ಕರೀತಿ? ಕಾಗಿ ಇದ್ದಾಕಿ ನೀ, ನೀನ ತಳ್ಳು."

ಬಾಯಲ್ಲಿದ್ದ ಎಲೆಯಡಿಕೆಯನ್ನು ಅವರ ಕಾಲ ಬಳಿಯೇ ಉಗುಳಿ ಜಾಗಟೆ ಹೊಡೆದೆ. ಈಗಲೂ ದಿನಾ ಹೊಡೆಯುತ್ತೇನೆ. ಗುರುಬಸವ್ವ ಬರುತ್ತಾಳೆ. ಇಬ್ಬರೂ ಗೋಣಿತಟ್ಟು ಕಟ್ಟಿಕೊಂಡು ನಮ್ಮ ತೋಳಿಗೆ ಎದೆಗೊಡುತ್ತೇವೆ. ಇನ್ನು ಹದಿನೆಂಟು ಜನ ಬೇಕು. ಬರುವ ತನಕ ಇಬ್ಬರೇ ತಳ್ಳುತ್ತೇವೆ, ಇನ್ನೊಬ್ಬಳು ನಿಜವಾಗಿಯೂ ತಳ್ಳುತ್ತಿದ್ದಾಳೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡಿಕೊಳ್ಳುತ್ತ.